ತುಂಡಿನ ಬೆನ್ನು ನೋಡಿ: ಮನೆ ವರ್ಕ್‌ಶಾಪಿನ ನೆಲಕ್ಕೆ ಎಪಾಕ್ಸಿ

ಎಲ್ಲರಿಗೂ ನಮಸ್ಕಾರ.

ಮೊದಲು ಈ ತುಂಡನ್ನು ನೋಡಿ. ಅಂಗೈಯಗಲ ಇದೆ. ಮುಂದಿನ ಸಾಲಿನವರು ಕೈಗೆ ತೆಗೆದುಕೊಂಡು ಹಿಂದಕ್ಕೆ ದಾಟಿಸುತ್ತಾ ಹೋಗಿ. ಮೇಲ್ಭಾಗ ಬೂದು ಬಣ್ಣ, ಈಗಲೂ ಹೊಳೆಯುತ್ತದೆ. ಉಗುರಿನಿಂದ ಗೀರಿದರೆ ಗೆರೆ ಬೀಳುವುದಿಲ್ಲ. ನನ್ನ ವರ್ಕ್‌ಶಾಪಿಗೆ ನಾನೇ ಹಾಕಿದ ಮೊದಲ ಎಪಾಕ್ಸಿ ನೆಲದ ತುಂಡು ಇದು. ಹಾಕಿ ಎಂಟು ತಿಂಗಳಾಗಿತ್ತು. ಒಂದು ದಿನ ವೈಸ್ ಕೂರಿಸಿದ್ದ ಮೇಜನ್ನು ಸ್ವಲ್ಪ ಪಕ್ಕಕ್ಕೆ ಎಳೆದೆ. ಮೇಜಿನ ಕಾಲಿನ ಜೊತೆಗೇ ನೆಲದ ಸಿಪ್ಪೆಯೂ ಎದ್ದು ಬಂತು.

ಆಗ ನಾನು ಡಬ್ಬವನ್ನು ಬೈದೆ. ಮಾಲೇ ಸರಿಯಿಲ್ಲ ಅಂದುಕೊಂಡೆ. ಈಗ ತುಂಡನ್ನು ತಿರುಗಿಸಿ, ಬೆನ್ನು ನೋಡಿ. ಬೆಳ್ಳನೆಯ ಪುಡಿ ಇದೆ. ಬೆರಳಿನಿಂದ ಉಜ್ಜಿದರೆ ಬೆರಳಿಗೆ ಹತ್ತುತ್ತದೆ. ಎಪಾಕ್ಸಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅದಕ್ಕೆ ಸಿಕ್ಕಿದ್ದು ಕಾಂಕ್ರೀಟಿನ ಮೇಲಿದ್ದ ಪುಡಿ, ಅಷ್ಟೇ.

ಅವತ್ತಿನಿಂದ ಎದ್ದು ಬಂದ ನೆಲ ಎಲ್ಲಿ ಕಂಡರೂ ತುಂಡಿನ ಬೆನ್ನು ನೋಡುವುದು ಅಭ್ಯಾಸವಾಗಿದೆ. ಬೆನ್ನು ಗಾಜಿನಂತೆ ನುಣ್ಣಗಿದ್ದರೆ ನೆಲವನ್ನು ತರಿ ಮಾಡದೆ ಹಾಗೇ ಬಳಿದಿದ್ದಾರೆ. ಜಿಡ್ಡಿನ ಕಲೆ ಇದ್ದರೆ ಎಣ್ಣೆ ತೆಗೆದಿಲ್ಲ. ಗುಳ್ಳೆ ಎದ್ದು, ಒಡೆದಾಗ ನೀರು ಒಸರಿದರೆ ತೇವ ಕೆಳಗಿಂದ ಬಂದಿದೆ. ಬೆನ್ನಿಗೆ ಸಿಮೆಂಟು, ಮರಳು, ಜಲ್ಲಿಯ ಚೂರು ಸಮೇತ ಕಿತ್ತು ಬಂದಿದ್ದರೆ ಮಾತ್ರ ಅಂಟು ಪೂರ್ತಿ ಕೂತಿತ್ತು, ಸೋತದ್ದು ಕಾಂಕ್ರೀಟು. ಹಾಗಾಗಿ ಇವತ್ತು ನಾನು ಡಬ್ಬದೊಳಗಿನ ಎಪಾಕ್ಸಿಗಿಂತ ಜಾಸ್ತಿ ಮಾತಾಡುವುದು ಅದರ ಕೆಳಗಿನ ನೆಲದ ಬಗ್ಗೆ.

ಎಪಾಕ್ಸಿ ಅಂದರೆ ಏನು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಎರಡು ಡಬ್ಬ ಬರುತ್ತವೆ. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡ್‌ನರ್. ಸಾಮಾನ್ಯ ಪೇಂಟು ಒಣಗುತ್ತದೆ, ಅಂದರೆ ಅದರೊಳಗಿನ ನೀರೋ ಥಿನ್ನರೋ ಹಾರಿಹೋಗುತ್ತದೆ. ಎಪಾಕ್ಸಿ ಹಾಗಲ್ಲ. ಎರಡು ಡಬ್ಬದ ವಸ್ತುಗಳು ಒಂದಕ್ಕೊಂದು ಹೆಣೆದುಕೊಂಡು ಹೊಸದೇ ಒಂದು ಗಟ್ಟಿ ವಸ್ತುವಾಗುತ್ತವೆ. ಆ ಹೊತ್ತಿನಲ್ಲಿ ಶಾಖ ಹುಟ್ಟುತ್ತದೆ. ಈ ಶಾಖದ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಇದರ ಹುಟ್ಟಿನ ಕಥೆ ನನಗೆ ತುಂಬಾ ಇಷ್ಟ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಎಂಬ ರಸಾಯನ ವಿಜ್ಞಾನಿ ಕಟ್ಟಿಸುವ ಹಲ್ಲಿಗೆ ಒಳ್ಳೆಯ ವಸ್ತು ಹುಡುಕುತ್ತಾ ಎಪಾಕ್ಸಿಗೆ ಬಂದ. ಮುಂದೆ 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬ ದಂತವೈದ್ಯ ಇನ್ನೊಂದು ಸಂಗತಿ ತೋರಿಸಿದ. ಹಲ್ಲಿನ ಮೇಲ್ಮೈಗೆ ಮೊದಲು ಫಾಸ್ಫಾರಿಕ್ ಆಸಿಡ್ ಸವರಿ ತೊಳೆದರೆ, ಅದರ ಮೇಲೆ ಹಾಕಿದ ರೆಸಿನ್ ಗಟ್ಟಿಯಾಗಿ ಕೂರುತ್ತದೆ. ಆ ಯೋಚನೆ ಅವನಿಗೆ ಬಂದದ್ದು ಪೇಂಟ್ ಹಚ್ಚುವವರಿಂದ. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಅವರು ಮೊದಲು ಅದೇ ಆಸಿಡ್ ಹಚ್ಚುತ್ತಿದ್ದರು. ನುಣ್ಣಗಿನ ಮೇಲ್ಮೈಯನ್ನು ಸ್ವಲ್ಪ ತರಿ ಮಾಡದೆ ಹಲ್ಲಿಗೂ ಅಂಟುವುದಿಲ್ಲ, ತಗಡಿಗೂ ಅಂಟುವುದಿಲ್ಲ, ನಮ್ಮ ನೆಲಕ್ಕೂ ಅಂಟುವುದಿಲ್ಲ.

ಈಗ ನೆಲಕ್ಕೆ ಬರೋಣ. ಮೊದಲು ನೋಡಬೇಕಾದ್ದು ನೀರು.

ಕಾಂಕ್ರೀಟು ನೋಡಲು ಬಂಡೆ, ಒಳಗೆ ಸ್ಪಂಜು. ಕೂದಲಿಗಿಂತ ಸಣ್ಣ ದಾರಿಗಳು ಅದರ ತುಂಬಾ ಇವೆ. ಒಳಗಿನ ನೀರು ಆ ದಾರಿಗಳಲ್ಲೇ ಹೊರಗೆ ಬರಬೇಕು. ಹೊಸ ಕಾಂಕ್ರೀಟಾದರೆ ಕನಿಷ್ಠ 28 ದಿನ ಬಿಡಿ ಅಂತ ಹೇಳುವುದು ಇದಕ್ಕೇ. ಹಳೆಯ ನೆಲಕ್ಕೆ ಬೇರೆ ಚಿಂತೆ. ಕಾಂಕ್ರೀಟ್ ಹಾಕುವ ಮುಂಚೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿರದಿದ್ದರೆ ಮಣ್ಣಿನ ತೇವ ಆವಿಯಾಗಿ ಸದಾ ಮೇಲೆ ಬರುತ್ತಲೇ ಇರುತ್ತದೆ. ಬರಿ ನೆಲದಲ್ಲಿ ಅದು ನಮಗೆ ಗೊತ್ತೇ ಆಗುವುದಿಲ್ಲ, ಗಾಳಿಗೆ ಸೇರಿಹೋಗುತ್ತದೆ. ಮೇಲೆ ಎಪಾಕ್ಸಿ ಬಳಿದ ದಿನ ಆ ದಾರಿಗೆ ಮುಚ್ಚಳ ಬಿತ್ತು. ಆಮೇಲೆ ಅದು ಗುಳ್ಳೆಯಾಗಿ ಮೇಲೇಳುತ್ತದೆ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಅಂಟಿಸಿ. 16 ಗಂಟೆ ಬಿಟ್ಟು ತೆಗೆಯಿರಿ. ಇದು ಪರೀಕ್ಷಾ ಮಾನದಂಡ ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ಡಿ4263 ಅನ್ನುವ ಮಾನದಂಡದಲ್ಲೇ ಇರುವ ಕ್ರಮ. ಹಾಳೆಯ ಒಳಗೆ ಹನಿ ಕಂಡರೆ, ಅಥವಾ ಅದರ ಕೆಳಗಿನ ನೆಲ ಸುತ್ತಲಿನ ನೆಲಕ್ಕಿಂತ ಕಪ್ಪಗಾಗಿದ್ದರೆ ತೇವ ಇದೆ. ಒಂದೇ ಕಡೆ ಮಾಡಬೇಡಿ. ಗೋಡೆಯ ಪಕ್ಕ ಒಂದು, ನಡುವೆ ಒಂದು, ಬಾಗಿಲ ಹತ್ತಿರ ಒಂದು. ಒಣ ದಿನದಲ್ಲಿ ಮಾಡಿ ಸಮಾಧಾನಪಟ್ಟುಕೊಳ್ಳಲೂ ಬೇಡಿ, ಮಳೆ ಬಂದ ಮೇಲೆ ಇನ್ನೊಂದು ಸಲ ಮಾಡಿ. ಹಾಳೆ ಒಣಗಿದ್ದರೂ ನೆಲದ ಆಳದಲ್ಲಿ ತೇವ ಇರಬಹುದು. ಆದರೆ ಹಾಳೆಯಲ್ಲೇ ಹನಿ ಕಂಡಿತು ಅಂದರೆ ಅನುಮಾನವೇ ಬೇಡ. ಆಗ ತೇವ ತಡೆಯುವ ಪ್ರೈಮರ್ ಹಾಕಬೇಕು, ಇಲ್ಲವೇ ಎಪಾಕ್ಸಿಯ ಆಸೆಯನ್ನೇ ಬಿಡಬೇಕು. ಬಿಡುವುದೂ ಒಳ್ಳೆಯ ತೀರ್ಮಾನವೇ.

ಎರಡನೆಯದು ಎಣ್ಣೆ. ವರ್ಕ್‌ಶಾಪ್ ಅಂದಮೇಲೆ ಎಣ್ಣೆ ಚೆಲ್ಲದೆ ಇರುತ್ತಾ? ಲೇತ್ ಕೆಳಗೆ, ಕಂಪ್ರೆಸರ್ ಕೆಳಗೆ, ಗಾಡಿ ನಿಲ್ಲಿಸುವ ಜಾಗದಲ್ಲಿ ಇದ್ದೇ ಇರುತ್ತದೆ. ಡಿಗ್ರೀಸರ್ ಹಾಕಿ, ಗಟ್ಟಿ ಬ್ರಷ್‌ನಲ್ಲಿ ತಿಕ್ಕಿ, ತೊಳೆದು, ಆ ನೀರನ್ನು ಅಲ್ಲೇ ಹರಡದೆ ಎತ್ತಿಬಿಡಿ. ಮತ್ತೆ ಮಾಡಿ. ತುಕ್ಕು ಹಿಡಿದ ಬೋಲ್ಟಿಗೆ ಹೊಡೆಯುವ ಸ್ಪ್ರೇಗಳಲ್ಲಿ ಕೆಲವಕ್ಕೆ ಸಿಲಿಕೋನ್ ಇರುತ್ತದೆ. ಅದರ ಒಂದು ಹನಿ ಬಿದ್ದ ಜಾಗದಲ್ಲಿ ಎಪಾಕ್ಸಿ ನಿಲ್ಲದೆ ಸರಿದು ಮೀನಿನ ಕಣ್ಣಿನಂಥ ಗುಂಡು ಗುಳಿ ಬಿಡುತ್ತದೆ. ನೆಲದ ಕೆಲಸ ಮುಗಿಯುವವರೆಗೆ ಆ ಸ್ಪ್ರೇ ಡಬ್ಬವನ್ನು ವರ್ಕ್‌ಶಾಪಿನ ಹೊರಗೆ ಇಡಿ.

ಮೂರನೆಯದೇ ನನ್ನನ್ನು ಸೋಲಿಸಿದ ಆ ಬಿಳಿ ಪುಡಿ. ಕಾಂಕ್ರೀಟ್ ಹಾಕಿ ಮೇಲೆ ಕರಣೆ ಆಡಿಸುವಾಗ ನೀರು, ಸಿಮೆಂಟು, ನುಣ್ಣನೆಯ ದೂಳು ಮೇಲಕ್ಕೆ ಬರುತ್ತದೆ. ಸಿಮೆಂಟ್ ಹಾಲು ಅಂತೀವಲ್ಲ, ಅದು. ಒಣಗಿದ ಮೇಲೆ ನೋಡಲು ನುಣುಪಾಗಿ ಚೆನ್ನಾಗಿರುತ್ತದೆ, ಆದರೆ ಬಲ ಇರುವುದಿಲ್ಲ. ಒಂದು ಮೊಳೆ ತೆಗೆದುಕೊಂಡು ನೆಲವನ್ನು ಕೆರೆದು ನೋಡಿ. ಪುಡಿ ಏಳುತ್ತದಾ? ಹಾಗಾದರೆ ಆ ಪದರ ಹೋಗಲೇಬೇಕು.

ಹೋಗಲಾಡಿಸಲು ಎರಡು ದಾರಿ. ಒಂದು ಆಸಿಡ್. ಮಾರುಕಟ್ಟೆಯ ಕಿಟ್‌ಗಳ ಜೊತೆ ಒಂದು ಆಸಿಡ್ ಪೊಟ್ಟಣ ಬರುತ್ತದೆ, ನಾನೂ ಮೊದಲ ಸಲ ಅದನ್ನೇ ನಂಬಿದ್ದೆ. ಆಸಿಡ್ ಕೆಲಸ ಮಾಡುವುದಿಲ್ಲ ಅಂತಲ್ಲ. ಬರಿ ಕಾಂಕ್ರೀಟ್ ಮೇಲೆ ಬುರಬುರ ನೊರೆ ಬಂದರೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಎಣ್ಣೆ ಇದ್ದಲ್ಲಿ, ಹಳೆಯ ಸೀಲರ್ ಇದ್ದಲ್ಲಿ ನೊರೆಯೇ ಬರುವುದಿಲ್ಲ. ಕರಗಿದ್ದನ್ನು ಪೂರ್ತಿ ತೊಳೆಯದಿದ್ದರೆ ಅದೇ ಉಪ್ಪು ಮತ್ತು ಪುಡಿಯಾಗಿ ಮೇಲೆ ಕೂರುತ್ತದೆ. ನಾನು ಒಂದೇ ಸಲ ತೊಳೆದಿದ್ದೆ. ಈ ತುಂಡಿನ ಬೆನ್ನಿನಲ್ಲಿರುವುದು ಅದೇ. ಜೊತೆಗೆ ಹೈಡ್ರೋಕ್ಲೋರಿಕ್ ಆಸಿಡ್ ಆದರೆ ಅದರ ಹೊಗೆ ಕೊಠಡಿಯಲ್ಲಿರುವ ಕಬ್ಬಿಣದ ಸಾಮಾನಿಗೆಲ್ಲ ತುಕ್ಕು ತರುತ್ತದೆ. ಬಳಸಲೇಬೇಕು ಅಂದರೆ ಮೊದಲು ಎಲ್ಲಾ ಸಾಮಾನು ಹೊರಗೆ ಸಾಗಿಸಿ. ಕನ್ನಡಕ, ಕೈಗವಸು, ಆಸಿಡ್ ಹೊಗೆ ತಡೆಯುವ ಮಾಸ್ಕ್ ಹಾಕಿಕೊಳ್ಳಿ. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರು ಯಾವತ್ತೂ ಸುರಿಯಬಾರದು. ಬ್ಲೀಚಿಂಗ್ ಪೌಡರ್ ಅದರ ಹತ್ತಿರಕ್ಕೂ ಬರಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ.

ಇನ್ನೊಂದು ದಾರಿ ಗ್ರೈಂಡರ್. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ನೆಲ ಉಜ್ಜುವ ದೊಡ್ಡ ಯಂತ್ರ ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಕೈ ಗ್ರೈಂಡರಿಗೆ ಡೈಮಂಡ್ ಕಪ್ ವೀಲ್ ಹಾಕಿ ಮಾಡಬಹುದು, ಸೊಂಟಕ್ಕೆ ಕೆಲಸ ಜಾಸ್ತಿ, ಅಷ್ಟೇ. ಒಂದೇ ಕಡೆ ಒತ್ತಿ ಹಿಡಿದರೆ ಗುಳಿ ಬೀಳುತ್ತದೆ, ಅದಕ್ಕೆ ಆಡಿಸುತ್ತಲೇ ಇರಿ. ಮುಗಿದ ಮೇಲೆ ಅಂಗೈ ಸವರಿದರೆ ಒರಟು ಉಪ್ಪು ಕಾಗದ ಮುಟ್ಟಿದಂತೆ ಇರಬೇಕು. ಒಂದು ಹನಿ ನೀರು ಬಿಟ್ಟರೆ ಮಣಿಯಾಗಿ ನಿಲ್ಲದೆ ನಿಮಿಷದೊಳಗೆ ಹೀರಿಕೊಳ್ಳಬೇಕು. ನೀರು ಹೋಗುವ ದಾರಿಯಲ್ಲೇ ರೆಸಿನ್ನೂ ಒಳಗೆ ಹೋಗಿ ಬೇರು ಬಿಡುವುದು.

ದೂಳಿನ ಬಗ್ಗೆ ಮಾತ್ರ ದಯವಿಟ್ಟು ಕೇಳಿ. ಕಾಂಕ್ರೀಟಿನ ದೂಳಿನಲ್ಲಿ ಸಿಲಿಕಾ ಇದೆ. ಕಣ್ಣಿಗೆ ಕಾಣುವ ದೂಳು ಮೂಗಿನಲ್ಲೇ ನಿಲ್ಲಬಹುದು, ಕಾಣದಷ್ಟು ಸಣ್ಣದು ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ. ಅದರಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್. ಅದು ಬಂದ ಮೇಲೆ ಅದನ್ನು ವಾಪಸ್ ತಿರುಗಿಸುವ ಔಷಧಿ ಇಲ್ಲ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಕನಿಷ್ಠ ಎನ್95 ಮಾಸ್ಕ್ ಬೇಕು, ಪಿ100 ಇನ್ನೂ ಒಳ್ಳೆಯದು. ಗ್ರೈಂಡರಿಗೆ ದೂಳು ಹಿಡಿಯುವ ಕವಚ ಹಾಕಿ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮಿಗೆ ಜೋಡಿಸಿ. ಪೊರಕೆಯಿಂದ ಗುಡಿಸಬೇಡಿ.

ಬಿರುಕುಗಳನ್ನು ವಿ ಆಕಾರಕ್ಕೆ ಸ್ವಲ್ಪ ಬಿಡಿಸಿ, ಎಪಾಕ್ಸಿ ಪೇಸ್ಟ್ ತುಂಬಿ, ಸೆಟ್ ಆದ ಮೇಲೆ ಮಟ್ಟ ಮಾಡಿ. ಕಾಂಕ್ರೀಟ್ ಹಾಕುವಾಗಲೇ ಬೇಕೆಂದು ಬಿಟ್ಟ ಜಾಯಿಂಟ್‌ಗಳನ್ನು ಗಟ್ಟಿ ಪೇಸ್ಟಿನಿಂದ ಮುಚ್ಚಬೇಡಿ. ನೆಲ ಹಿಗ್ಗಿ ಕುಗ್ಗುವುದು ಅಲ್ಲೇ.

ಇನ್ನು ದಿನ ಮತ್ತು ಹೊತ್ತು. ಡಬ್ಬದ ಮೇಲೆ ಉಷ್ಣಾಂಶ ಬರೆದಿರುತ್ತದೆ, ಅದು ಗಾಳಿಯದ್ದಷ್ಟೇ ಅಲ್ಲ, ನೆಲದ್ದೂ ಹೌದು. ಗಾಳಿಯ ತೇವ ಎಷ್ಟು ತಂಪಿಗೆ ಇಬ್ಬನಿಯಾಗುತ್ತದೋ, ನೆಲ ಅದಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಗಾಳಿ 28 ಡಿಗ್ರಿ, ತೇವಾಂಶ 80 ಪರ್ಸೆಂಟ್ ಅಂದುಕೊಳ್ಳಿ. ಆಗ ಸುಮಾರು 24 ಡಿಗ್ರಿಗೇ ಇಬ್ಬನಿ ಕಟ್ಟುತ್ತದೆ. ನೆಲ 25 ಡಿಗ್ರಿ ಇದ್ದರೆ ಅವತ್ತು ಕೆಲಸ ಬೇಡ. ಕಣ್ಣಿಗೆ ಒಣಗಿದಂತೆ ಕಂಡರೂ ಅಪಾಯಕ್ಕೆ ತೀರಾ ಹತ್ತಿರ ಇದ್ದೇವೆ.

ಹೊತ್ತು ಅಂದರೆ ಸಂಜೆ. ಬೆಳಿಗ್ಗೆ ನೆಲ ಕಾಯತೊಡಗಿದಾಗ ಕಾಂಕ್ರೀಟಿನೊಳಗಿನ ಗಾಳಿ ಹಿಗ್ಗಿ ಮೇಲೆ ಬರುತ್ತದೆ. ಹಸಿ ಎಪಾಕ್ಸಿಯಲ್ಲಿ ಸೂಜಿ ಚುಚ್ಚಿದಂಥ ತೂತು ಬೀಳುವುದು ಹೀಗೆ. ನೆಲ ತಣ್ಣಗಾಗುತ್ತಿರುವ ಹೊತ್ತಿನಲ್ಲಿ ಅದೇ ಗಾಳಿ ಕುಗ್ಗಿ, ರೆಸಿನ್ನನ್ನು ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆ. ಆದರೆ ಇಬ್ಬನಿ ಕಟ್ಟುವ ತನಕ ತಡಮಾಡಬೇಡಿ.

ಎಷ್ಟು ಬೇಕು ಅನ್ನುವ ಲೆಕ್ಕವನ್ನು ಡಬ್ಬದವರು ಹೇಳುವುದಕ್ಕಿಂತ ನೀವೇ ಹಾಕಿ. 1 ಲೀಟರನ್ನು 1 ಚದರ ಮೀಟರಿಗೆ ಹರಡಿದರೆ 1 ಮಿಲಿಮೀಟರ್ ದಪ್ಪ. 5 ಮೀಟರ್ ಉದ್ದ, 4 ಮೀಟರ್ ಅಗಲದ ಕೊಠಡಿ 20 ಚದರ ಮೀಟರ್. ಕಾಲು ಮಿಲಿಮೀಟರ್ ದಪ್ಪಕ್ಕೆ 5 ಲೀಟರ್ ಬೇಕು. ಇದು ಪೂರ್ತಿ ಗಟ್ಟಿ ಅಂಶವಿರುವ ಎಪಾಕ್ಸಿಯ ಲೆಕ್ಕ. ನೀರು ಬೆರೆಸಿದ ಎಪಾಕ್ಸಿಯಲ್ಲಿ ಅರ್ಧ ಭಾಗ ನೀರೇ ಇದ್ದರೆ, ಅಷ್ಟೇ ಸುರಿದರೂ ಕೊನೆಗೆ ಉಳಿಯುವುದು ಅರ್ಧ ದಪ್ಪ. ಸಸ್ತಾ ಡಬ್ಬಕ್ಕೂ ದುಬಾರಿ ಡಬ್ಬಕ್ಕೂ ಇರುವ ವ್ಯತ್ಯಾಸದ ಒಂದು ಕಾರಣ ಇಲ್ಲಿದೆ.

ಈಗ ಬೆರೆಸುವುದು. ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ರೆಸಿನ್ನಿನ ಪ್ರತಿ ಕೊಂಡಿಗೂ ಹಾರ್ಡ್‌ನರಿನಲ್ಲಿ ಒಂದು ಜೊತೆ ಬೇಕು. ಎರಡು ಭಾಗಕ್ಕೆ ಒಂದು ಭಾಗ ಅಂತ ಬರೆದಿದ್ದರೆ ಹಾಗೇ ಹಾಕಬೇಕು. ಬೇಗ ಸೆಟ್ ಆಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕುವವರಿದ್ದಾರೆ. ಫೈಬರ್ ಕೆಲಸದ ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಅದು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಜೊತೆ ಸಿಗದ ಹಾರ್ಡ್‌ನರ್ ಹಾಗೇ ಉಳಿದು ನೆಲ ಮೆತ್ತಗಾಗುತ್ತದೆ. ಬರೆದ ಪ್ರಮಾಣ ಅಳತೆಯದ್ದೋ ತೂಕದ್ದೋ ಅಂತಲೂ ನೋಡಿ, ಎರಡೂ ಒಂದೇ ಅಲ್ಲ.

ನಿಧಾನ ವೇಗದ ಡ್ರಿಲ್ಲಿಗೆ ಪ್ಯಾಡಲ್ ಹಾಕಿ ಮೂರು ನಿಮಿಷ ತಿರುಗಿಸಿ. ಜೋರಾಗಿ ತಿರುಗಿಸಿದರೆ ಗಾಳಿ ಸೇರುತ್ತದೆ. ಆಮೇಲೆ ಪೂರ್ತಿ ಇನ್ನೊಂದು ಸ್ವಚ್ಛ ಬಕೆಟ್ಟಿಗೆ ಸುರಿದು ಮತ್ತೆ ಒಂದು ನಿಮಿಷ ತಿರುಗಿಸಿ. ಮೊದಲ ಬಕೆಟ್ಟಿನ ಗೋಡೆಗೆ, ತಳದ ಮೂಲೆಗೆ ಬೆರೆಯದ ರೆಸಿನ್ ಅಂಟಿಕೊಂಡೇ ಇರುತ್ತದೆ. ಅದನ್ನು ಕೆರೆದು ನೆಲಕ್ಕೆ ಹಾಕಿದರೆ ಅಷ್ಟು ಜಾಗ ತಿಂಗಳಾದರೂ ಅಂಟಂಟಾಗಿಯೇ ಇರುತ್ತದೆ. ಕಾಲಿಟ್ಟರೆ ಚಪ್ಪಲಿ ಹಿಡಿಯುತ್ತದೆ. ಉಳಿದದ್ದು ಉಳಿಯಲಿ, ಬಿಡಿ.

ಬೆರೆಸಿದ ತಕ್ಷಣ ನೆಲಕ್ಕೆ ಸುರಿದುಬಿಡಿ, ಹಾವು ಹರಿದ ಹಾಗೆ ಉದ್ದಕ್ಕೆ ಸಾಲು ಹಾಕಿ. ಶಾಖದ ಮಾತು ಹೇಳಿದ್ದೆನಲ್ಲ, ಅದು ಇಲ್ಲಿಗೆ ಬಂತು. ಬಕೆಟ್ಟಿನಲ್ಲಿ ಒಟ್ಟಿಗೆ ಇದ್ದಾಗ ಹುಟ್ಟಿದ ಶಾಖ ಹೊರಗೆ ಹೋಗುವುದಿಲ್ಲ. ಶಾಖದಿಂದ ವೇಗ ಹೆಚ್ಚುತ್ತದೆ, ವೇಗದಿಂದ ಮತ್ತೆ ಶಾಖ. ಎರಡನೇ ಸಲ ನೆಲ ಮಾಡುವಾಗ ಒಂದು ಬಕೆಟ್ಟನ್ನು ಪಕ್ಕಕ್ಕಿಟ್ಟು ಮೂಲೆಗಳಿಗೆ ಬ್ರಷ್ ಆಡಿಸುತ್ತಿದ್ದೆ. ವಾಪಸ್ ಬಂದು ಬಕೆಟ್ ಮುಟ್ಟಿದೆ, ಕೈ ಚುರ್ ಅಂತು. ಹರಳೆಣ್ಣೆಯಷ್ಟು ಮಂದ ಇದ್ದದ್ದು ಅಂಟಿನ ಮುದ್ದೆಯಾಗುತ್ತಿತ್ತು. ಐದೇ ನಿಮಿಷದಲ್ಲಿ ಹೊಗೆ ಬಂತು, ಬಕೆಟ್ಟಿನ ತಳ ಸೊಟ್ಟಗಾಯಿತು. ಓಡಿಹೋಗಿ ಬಯಲಲ್ಲಿ ಇಟ್ಟೆ. ನಿಮಗೆ ಹಾಗಾದರೆ ಬಕೆಟ್ ಮೇಲೆ ಬಗ್ಗಬೇಡಿ, ಆ ಹೊಗೆ ಕುಡಿಯುವಂಥದ್ದಲ್ಲ. ನೆಲದ ಮೇಲೆ ತೆಳುವಾಗಿ ಹರಡಿದರೆ ಶಾಖ ಕಾಂಕ್ರೀಟಿಗೆ ಇಳಿದುಹೋಗುತ್ತದೆ, ನಿಮಗೂ ಸಮಯ ಸಿಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಬಕೆಟ್ಟಿನಲ್ಲಿ ಸಿಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 25 ಡಿಗ್ರಿಯಲ್ಲಿ 40 ನಿಮಿಷ ಅಂತ ಇದ್ದರೆ 35ರಲ್ಲಿ 20 ಅಂತ ಎಣಿಸಿಕೊಳ್ಳಿ.

ಹರಡುವುದು ಇದೆಲ್ಲದರ ಮುಂದೆ ಸುಲಭ. ಮೂಲೆ, ಅಂಚುಗಳಿಗೆ ಮೊದಲು ಬ್ರಷ್. ಆಮೇಲೆ ಸ್ಕ್ವೀಜಿಯಿಂದ, ಅಂದರೆ ಹಿಡಿಗೆ ರಬ್ಬರ್ ಪಟ್ಟಿ ಇರುವ ಸಾಧನದಿಂದ ಎಳೆದು, ಹಿಂದೆಯೇ ರೋಲರ್. ಹೊಸ ರೋಲರಿಗೆ ಟೇಪ್ ಸುತ್ತಿ ಕಿತ್ತರೆ ಸಡಿಲ ನೂಲೆಲ್ಲ ಬಂದುಬಿಡುತ್ತದೆ. ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ಬೆರೆಸಲು, ಒಬ್ಬರು ಹರಡಲು. ಬಾಗಿಲಿನಿಂದ ದೂರದ ಗೋಡೆಯಲ್ಲಿ ಶುರು ಮಾಡಿ ಬಾಗಿಲಲ್ಲಿ ಮುಗಿಸಿ. ಸೆಟ್ ಆಗಲು ಶುರುವಾದ ಜಾಗಕ್ಕೆ ಮತ್ತೆ ರೋಲರ್ ಹಾಕಬೇಡಿ. ಏನೋ ಕೂದಲು ಬಿದ್ದಿದೆ ಅಂತ ಕಂಡರೂ ಬಿಟ್ಟುಬಿಡಿ.

ಎರಡನೇ ಕೋಟನ್ನು ಡಬ್ಬದಲ್ಲಿ ಹೇಳಿದ ಅವಧಿಯೊಳಗೆ ಹೊಡೆಯಬೇಕು, ಸಾಮಾನ್ಯವಾಗಿ 24 ಗಂಟೆಯೊಳಗೆ. ತಡವಾದರೆ ಉಪ್ಪು ಕಾಗದದಿಂದ ಹೊಳಪು ಹೋಗುವಂತೆ ಉಜ್ಜಲೇಬೇಕು. ಅದಕ್ಕೂ ಮೊದಲು ಬೆರಳಿನಿಂದ ಸವರಿ ನೋಡಿ. ಮೇಣದಂಥ ಜಿಡ್ಡು ಕಂಡರೆ, ಅದು ಹಾರ್ಡ್‌ನರು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಆದ ಪದರ. ಬಿಸಿ ನೀರು, ಸೋಪು ಹಾಕಿ ತೊಳೆದು ಒಣಗಿಸಿದ ಮೇಲೆಯೇ ಉಜ್ಜಿ. ತೊಳೆಯದೆ ಉಜ್ಜಿದರೆ ಜಿಡ್ಡು ಇನ್ನೂ ಒಳಗೆ ಸೇರುತ್ತದೆ.

ಕಾಲು ಜಾರದಿರಲು ಮೇಲಿನ ಕೋಟಿಗೆ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಸೇರಿಸಬಹುದು. ತಿರುಗುವ ಯಂತ್ರದ ಮುಂದೆ ನಿಲ್ಲುವವರು ಇದನ್ನು ಬಿಡಲೇಬಾರದು. ಬಣ್ಣದ ಚಿಪ್ಸ್ ಉದುರಿಸುವುದು ಮಾತ್ರ ವರ್ಕ್‌ಶಾಪಿಗೆ ಬೇಡ ಅಂತ ನನ್ನ ಅಭಿಪ್ರಾಯ. ಚುಕ್ಕಿ ಚುಕ್ಕಿ ನೆಲದ ಮೇಲೆ ಬಿದ್ದ ಸಣ್ಣ ಸ್ಕ್ರೂ ಹುಡುಕಿ ನೋಡಿ, ಗೊತ್ತಾಗುತ್ತೆ. ತಿಳಿ ಬೂದು, ಒಂದೇ ಬಣ್ಣ. ಬಿಸಿಲು ಬೀಳುವ ಕಡೆ ಎಪಾಕ್ಸಿ ಹಳದಿಯಾಗುತ್ತದೆ, ಅಲ್ಲಿ ಮೇಲೊಂದು ಪಾಲಿಯುರೆಥೇನ್ ಕೋಟ್ ಹಾಕಿ.

ಚರ್ಮದ ಬಗ್ಗೆ ಒಂದು ಮಾತು. ರೆಸಿನ್, ಹಾರ್ಡ್‌ನರ್ ಎರಡೂ ಅಲರ್ಜಿ ತರುತ್ತವೆ. ಹತ್ತು ಸಲ ಮುಟ್ಟಿದರೂ ಏನೂ ಆಗದೆ ಹನ್ನೊಂದನೇ ಸಲ ಬರಬಹುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಇರುತ್ತದೆ, ಆಮೇಲೆ ತುಸು ತಾಗಿದರೂ ತುರಿಕೆ, ದದ್ದು. ನೈಟ್ರೈಲ್ ಕೈಗವಸು ಹಾಕಿ, ಆಗಾಗ ಬದಲಿಸಿ. ಕೈಗೆ ಹತ್ತಿದ್ದನ್ನು ಥಿನ್ನರಿನಿಂದ ಒರೆಸಬೇಡಿ, ಅದು ಇನ್ನೂ ಒಳಗೆ ಇಳಿಸುತ್ತದೆ. ಸೋಪು, ನೀರು ಸಾಕು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ವೆಲ್ಡಿಂಗ್ ಮಾಡುವ ಜಾಗಕ್ಕೂ ಹಾಕಬಹುದಾ ಅಂತ ಒಬ್ಬರು ಕೇಳಿದರು. ಬೇಡ. ಮನೆಯಲ್ಲಿ ಸೆಟ್ ಆಗುವ ಎಪಾಕ್ಸಿ ಸಾಮಾನ್ಯವಾಗಿ 50–60 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ. ಕಿಡಿ ಬಿದ್ದಲ್ಲೆಲ್ಲ ಸುಟ್ಟ ಚುಕ್ಕಿ ಆಗುತ್ತದೆ, ಹೊಗೆಯೂ ಕೆಟ್ಟದ್ದು. ಆ ಮೂಲೆಯನ್ನು ಟೇಪ್ ಹಾಕಿ ಬೇರೆ ಮಾಡಿ, ಬರಿ ಕಾಂಕ್ರೀಟ್ ಬಿಡಿ. ಓಡಿಸಿ ತಂದ ಗಾಡಿಯ ಬಿಸಿ ಟೈರೂ ಹಾಗೇ, ತೆಳು ಕೋಟನ್ನು ಕಿತ್ತು ತರುತ್ತದೆ. ನಡೆದಾಡಲು ಒಂದು ದಿನ ಸಾಕು, ಗಾಡಿ ಮತ್ತು ಭಾರದ ಯಂತ್ರಕ್ಕೆ ಏಳು ದಿನ ಕಾಯಿರಿ.

ಇನ್ನೊಬ್ಬರ ನೆಲ ಈಗಾಗಲೇ ಒಂದು ಮೂಲೆಯಲ್ಲಿ ಎದ್ದಿದೆಯಂತೆ. ಪೂರ್ತಿ ಕೀಳಬೇಕಾ, ಅಷ್ಟಕ್ಕೇ ತೇಪೆ ಹಾಕಿದರೆ ಸಾಕಾ? ನಾನು ಹೇಳಿದ್ದು ಇಷ್ಟು. ಗಟ್ಟಿಯಾಗಿ ಕಾಣುವ ಕಡೆ ನಾಲ್ಕೈದು ಜಾಗದಲ್ಲಿ ಹರಿತ ಚಾಕುವಿನಿಂದ ಕೋಟಿನ ಆಳಕ್ಕೆ ಎಕ್ಸ್ ಆಕಾರದಲ್ಲಿ ಕೊಯ್ಯಿರಿ. ಗೆರೆಗಳು ಸೇರುವ ಕಡೆ ಚಾಕುವಿನ ಮೊನೆ ತೂರಿಸಿ ಎಬ್ಬಿಸಿ ನೋಡಿ. ಚೂರು ಚೂರಾಗಿ ಮಾತ್ರ ಬಂದರೆ ಅಲ್ಲಿ ನೆಲ ಹಿಡಿದಿದೆ, ಎದ್ದ ಮೂಲೆಯನ್ನು ಗಟ್ಟಿ ಅಂಚು ಸಿಗುವವರೆಗೆ ಉಜ್ಜಿ ತೇಪೆ ಹಾಕಿ. ಹಾಳೆಯಂತೆ ಎದ್ದು ಬಂದರೆ ಪೂರ್ತಿ ತೆಗೆಯಿರಿ. ತೆಗೆದ ಮೊದಲ ತುಂಡನ್ನು ಎಸೆಯಬೇಡಿ. ತಿರುಗಿಸಿ, ಬೆಳಕಿಗೆ ಹಿಡಿದು, ಬೆನ್ನಿನ ಮೇಲೆ ಬೆರಳಾಡಿಸಿ. ಮುಂದಿನ ಡಬ್ಬ ತರುವುದು ಆಮೇಲೆ.